ಗುಡ್ಡ ಸುಟ್ಟ ವರ್ಷ ನಮ್ಮ ಬೀದಿಗೆ ಬಿದ್ದ ಡಾಂಬರು: ಚಿಕ್ಕಮಗಳೂರಿನ ಒಂದು ಪ್ರಕರಣ

ಮೇ ತಿಂಗಳ ಮೊದಲ ವಾರ. ನಮ್ಮ ಬೀದಿಗೆ ಡಾಂಬರು ಹಾಕಿ 11 ದಿನವಾಗಿತ್ತು. ಸಂಜೆಯಾದರೆ ಮಕ್ಕಳು ಸೈಕಲ್ ತಂದು ಮೇಲಿಂದ ಕೆಳಗೆ ಬಿಡುತ್ತಿದ್ದರು. ಅಂದು ನಾಲ್ಕೂವರೆಗೆ ಗಿರಿಯ ಕಡೆ ಮೋಡ ಕಟ್ಟಿತು. ಐದಕ್ಕೆ ಗುಡುಗು ಶುರುವಾಯಿತು. ಮಳೆ ಸುರಿದದ್ದು ಮುಕ್ಕಾಲು ಗಂಟೆ ಅಷ್ಟೇ. ಅಷ್ಟರಲ್ಲಿ ಗುಡ್ಡದಿಂದ ಕರಿ ನೀರು ಇಳಿದು ಬಂತು. ಪ್ರತಿ ವರ್ಷ ಬರುವ ಕೆಂಪು ನೀರಲ್ಲ, ಕರಿ ನೀರು. ಬೂದಿ, ಸುಟ್ಟ ಕಡ್ಡಿ, ಲಂಟಾನದ ಬೊಡ್ಡೆ, ಸಣ್ಣ ಕಲ್ಲು ಎಲ್ಲ ಸೇರಿ ಗಂಜಿಯ ಹಾಗಿತ್ತು. ಹೊಸ ರಸ್ತೆಯೇ ಅದಕ್ಕೆ ಕಾಲುವೆಯಾಯಿತು. ಕೆಳಗಿನ ಸಾಲಿನ ಒಂಬತ್ತು ಮನೆಗಳಿಗೆ ನುಗ್ಗಿತು.

ಯಾರ ಜೀವಕ್ಕೂ ಏನೂ ಆಗಲಿಲ್ಲ. ಹಾಗಾಗಿ ಅದು ದೊಡ್ಡ ಸುದ್ದಿಯೂ ಆಗಲಿಲ್ಲ. ಆದರೆ ನಾನು 28 ವರ್ಷ ರಸ್ತೆ ಕೆಲಸದಲ್ಲೇ ಕಳೆದವನು, ಅದೇ ಬೀದಿಯಲ್ಲಿ ಮನೆ ಇರುವವನು. ಇದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿದೆ. ಏಕೆಂದರೆ ಇಲ್ಲಿ ಯಾರೂ ಕಳಪೆ ಕೆಲಸ ಮಾಡಿರಲಿಲ್ಲ. ಡಾಂಬರು ಚೆನ್ನಾಗಿಯೇ ಇತ್ತು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ ಎಡವಿದೆವು.

ಬೀದಿ ಮತ್ತು ಗುಡ್ಡ

ಚಿಕ್ಕಮಗಳೂರಿನ ಬೆನ್ನಿಗೇ ಚಂದ್ರದ್ರೋಣ ಪರ್ವತ ಸಾಲು ಇದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಎಲ್ಲ ಅದರಲ್ಲೇ. ಯಗಚಿ ಹುಟ್ಟುವುದೂ ಇದೇ ಗುಡ್ಡಗಳಲ್ಲಿ. ನಮ್ಮ ಬಡಾವಣೆ ಊರಿನ ಅಂಚಿನಲ್ಲಿದೆ. ಗಿರಿ ಸಾಲಿನಿಂದ ಬೇರೆಯಾಗಿ ಕೆಳಗೆ ನಿಂತ ಒಂದು ಸಣ್ಣ ಗುಡ್ಡದ ಬುಡದಲ್ಲಿ. ಮನೆಗಳು 52. ಬೀದಿಯ ಉದ್ದ ಸುಮಾರು 400 ಮೀಟರ್. ಮೇಲಿನ ಅರ್ಧ ಚೆನ್ನಾಗಿ ಇಳಿಜಾರು. ಕೆಳಗಿನ ಅರ್ಧದಲ್ಲಿ ನೂರು ಅಡಿಗೆ ಒಂದು ಅಡಿ ಮಾತ್ರ ಇಳಿಜಾರು. ಗುಡ್ಡದ ಮೇಲೆ ಬಿದ್ದ ನೀರು ಒಂದು ಕೊರಕಲಿನಲ್ಲಿ ಇಳಿದು, ಬೀದಿಯ ತಲೆಯಲ್ಲಿರುವ ಎರಡು ಅಡಿ ಹ್ಯೂಮ್ ಪೈಪಿನ (ಕಾಂಕ್ರೀಟ್ ಕೊಳವೆಯ) ಮೋರಿ ದಾಟಿ, ಎರಡು ಅಡಿ ಅಗಲ ಎರಡು ಅಡಿ ಆಳದ ಚರಂಡಿಗೆ ಸೇರುತ್ತದೆ. ಅಲ್ಲಿಂದ ಕೆಳಗಿನ ಕೆರೆಗೆ.

ಗುಡ್ಡದ ಮೇಲ್ಭಾಗ ಬರೀ ಹುಲ್ಲು. ನಡುವೆ ಲಂಟಾನದ ಪೊದೆ, ಅಲ್ಲಲ್ಲಿ ಅಕೇಶಿಯ. ಒಂದು ಪಕ್ಕಕ್ಕೆ ಒಬ್ಬರ ಕಾಫಿ ತೋಟ ಇದೆ. ನಮ್ಮ ಮೋರಿಗೆ ನೀರು ಕೊಡುವ ಜಾಗ ಒಟ್ಟು 30 ಎಕರೆ, ಅಂದರೆ ಸುಮಾರು 12 ಹೆಕ್ಟೇರ್.

ಆ ವರ್ಷ ಮಾರ್ಚ್‌ನಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು. ನಮ್ಮ ಕಡೆ ಇದು ಹೊಸತಲ್ಲ. ಜನವರಿಗೆ ಹುಲ್ಲು ಒಣಗುತ್ತದೆ, ಏಪ್ರಿಲ್‌ವರೆಗೂ ಭಯವೇ. ಅರಣ್ಯದ ವಾಚರ್‌ಗಳು ಹಸಿ ಸೊಪ್ಪಿನ ಕೊಂಬೆ ಹಿಡಿದು ರಾತ್ರಿಯಿಡೀ ಬಡಿದರು. ಬೀದಿಯ ಹುಡುಗರೂ ಹೋದರು. ಬೆಳಗಾಗುವಾಗ ಬೆಂಕಿ ಆರಿತ್ತು, ಗುಡ್ಡ ಕರಿ ಕಂಬಳಿ ಹೊದ್ದಂತಿತ್ತು. ಮನೆಗಳಿಗೆ ಬೆಂಕಿ ತಾಗಲಿಲ್ಲ ಅಂತ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಅಲ್ಲಿಗೆ ಮರೆತೆವು.

ರಸ್ತೆಯ ಕಡತ ಅಷ್ಟರಲ್ಲಾಗಲೇ ಮುಂದೆ ಹೋಗಿತ್ತು. ಟೆಂಡರ್ ಆಗಿ, ಕಂಟ್ರಾಕ್ಟರ್ ನಿಗದಿಯಾಗಿ, ಮಳೆಗೆ ಮುಂಚೆ ಮುಗಿಸಬೇಕಿತ್ತು. ಅದು ಸರಿಯಾದ ಆತುರವೇ. ಬಿಸಿ ಮಿಶ್ರಣದ ಡಾಂಬರನ್ನು ಮಳೆಯಲ್ಲಿ ಹಾಕಲು ಬರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಡಾಂಬರು ಹರಡುವ ಪೇವರ್ ಬಂತು, ರೋಲರ್ ಬಂತು. ಹಳೆ ರಸ್ತೆಯ ಗುಂಡಿ ಮುಚ್ಚಿ, ಅದರ ಮೇಲೆ 40 ಮಿಲಿಮೀಟರ್ ದಪ್ಪದ ಹೊಸ ಪದರ ಹಾಕಿದರು. ಚರಂಡಿಯ ಹೂಳು ತೆಗೆಯುವ ಕೆಲಸ ಬೇರೆ ಎಸ್ಟಿಮೇಟ್‌ನಲ್ಲಿತ್ತು, ಅದಿನ್ನೂ ಬಂದಿರಲಿಲ್ಲ. ನಾನು ಸೈಟಿನಲ್ಲೇ ನಿಂತು ನೋಡಿದೆ. ಮಿಶ್ರಣದ ಬಿಸಿ ನೋಡಿದೆ, ಪದರದ ದಪ್ಪ ನೋಡಿದೆ. ಗುಡ್ಡದ ಕಡೆ ತಿರುಗಿ ನೋಡಲಿಲ್ಲ. ಈ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ.

ಆ ಸಂಜೆ

ಮೊದಲು ಕಟ್ಟಿಕೊಂಡದ್ದು ಮೋರಿ. ಎರಡು ಅಡಿ ಪೈಪಿಗೆ ಒಂದು ಲಂಟಾನದ ಬೊಡ್ಡೆ ಅಡ್ಡ ಸಿಕ್ಕಿತು. ಅದಕ್ಕೆ ಕಡ್ಡಿಗಳು ಸಿಕ್ಕಿದವು. ಕಡ್ಡಿಗಳಿಗೆ ಬೂದಿ ಮೆತ್ತಿಕೊಂಡಿತು. ಹತ್ತು ನಿಮಿಷದಲ್ಲಿ ಪೈಪಿನ ಬಾಯಿ ಮುಚ್ಚಿಹೋಯಿತು. ನೀರು ಮೋರಿಯ ಮೇಲೆ ಹತ್ತಿ ರಸ್ತೆಗೆ ಇಳಿಯಿತು. ಮೇಲಿನ ಅರ್ಧದಲ್ಲಿ ಯಾರ ಮನೆಗೂ ಹೋಗಲಿಲ್ಲ, ಇಳಿಜಾರು ಜಾಸ್ತಿ, ಓಡಿಹೋಯಿತು. ಕೆಳಗೆ ಬಂದು ನಿಧಾನವಾಯಿತು. ನಿಧಾನವಾದ ಕೂಡಲೇ ಹೊತ್ತು ತಂದ ಕೆಸರನ್ನೆಲ್ಲ ಅಲ್ಲೇ ಇಳಿಸಿತು. ಚರಂಡಿ ತುಂಬಿತು, ರಸ್ತೆ ತುಂಬಿತು.

ಕೆಳಗಿನ ಸಾಲಿನ ಮನೆಗಳು ಹಳೆಯವು. ಕಟ್ಟುವಾಗ ಹೊಸ್ತಿಲು ರಸ್ತೆಗಿಂತ ಎಂಟು ಇಂಚು ಮೇಲಿತ್ತು. ಆಮೇಲೆ ಎರಡು ಸಲ ಡಾಂಬರು ಬಿತ್ತು. ಎರಡು ಸಲವೂ ಹಳೆಯದರ ಮೇಲೆಯೇ ಹಾಕಿದ್ದರು. ಅದರಲ್ಲಿ ಮೂರು ಇಂಚು ಹೋಯಿತು. ಈ ಸಲ ಇನ್ನೊಂದೂವರೆ ಇಂಚು. ಉಳಿದದ್ದು ಮೂರೂವರೆ. ಅಂದು ರಸ್ತೆಯ ಅಂಚಿನಲ್ಲಿ ಹರಿದ ನೀರು ನನ್ನ ಗೇಣಿನ ಹತ್ತಿರ ಹತ್ತಿರ ಇತ್ತು.

ಮೂಲೆ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಎರಡು ಮೂಟೆ ರೇಷನ್ ಅಕ್ಕಿ ನೆನೆದುಹೋಯಿತು. ನಾನು ಮೊರದಲ್ಲಿ ಕೆಸರು ಬಳಿದು ಹಾಕುತ್ತಿದ್ದಾಗ ಅವರು ಬೈಯಲಿಲ್ಲ, ಅಳಲಿಲ್ಲ. "ರಸ್ತೆ ಎಷ್ಟು ಚೆಂದ ಆಗಿದೆ ಕಣಪ್ಪಾ. ಆದ್ರೆ ನನ್ನ ಮನೆ ಗುಂಡಿಗೆ ಬಿತ್ತಲ್ಲೋ" ಅಂದರು. ರಸ್ತೆ ಎತ್ತರವಾದರೆ ಮನೆ ತಗ್ಗಾಗುತ್ತದೆ. ಇಂಜಿನಿಯರಿಂಗ್ ಓದದ ಅಜ್ಜಿಗೆ ಅದು ಕಂಡಿತ್ತು.

ಮಾರನೇ ದಿನ ಗುಡ್ಡ ಹತ್ತಿದೆ

ಸುಟ್ಟ ಗುಡ್ಡ ನೀರನ್ನು ಯಾಕೆ ಹಿಡಿಯುವುದಿಲ್ಲ ಅನ್ನುವುದಕ್ಕೆ ಹಲವು ಕಾರಣ ಇವೆ. ಹಸಿರು ಇದ್ದಾಗ ಮಳೆ ಹನಿ ಮೊದಲು ಎಲೆಗೆ, ಹುಲ್ಲಿಗೆ ಬೀಳುತ್ತದೆ. ಆಮೇಲೆ ಕೆಳಗೆ ಉದುರಿದ ಒಣ ಎಲೆಗೆ, ಅಂದರೆ ದರಗಿಗೆ. ಆಮೇಲೆ ಮಣ್ಣಿಗೆ. ಸುಟ್ಟ ಮೇಲೆ ಹನಿ ನೇರ ಮಣ್ಣಿಗೆ ಬಡಿಯುತ್ತದೆ. ಬೂದಿ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ನೀರನ್ನು ತಡೆದು ನಿಲ್ಲಿಸಲು ಕಡ್ಡಿ, ಬುಡ ಯಾವುದೂ ಇರುವುದಿಲ್ಲ. ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಎಲೆ ಮತ್ತು ದರಗಿನಲ್ಲಿ ಮೇಣದಂಥ ಅಂಶ ಇರುತ್ತದೆ. ಜೋರು ಬೆಂಕಿಗೆ ಅದು ಆವಿಯಾಗಿ ಮಣ್ಣಿನೊಳಗೆ ಇಳಿಯುತ್ತದೆ. ತಣ್ಣಗಾದಾಗ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಅಂಥ ಮಣ್ಣಿನ ಮೇಲೆ ನೀರು ಬಿದ್ದರೆ ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆಯೇ.

ಇದನ್ನು ನೋಡಲು ಯಂತ್ರ ಬೇಡ. ಬೂದಿ ಸರಿಸಿ, ಮಣ್ಣಿನ ಮೇಲೆ ಒಂದು ಹನಿ ನೀರು ಬಿಡಬೇಕು. ಐದು ಸೆಕೆಂಡಿನೊಳಗೆ ಇಂಗಿದರೆ ಮಣ್ಣು ಸರಿ ಇದೆ. ಅದಕ್ಕಿಂತ ಹೊತ್ತು ಮಣಿಯ ಹಾಗೆ ಕೂತರೆ ಮಣ್ಣು ನೀರನ್ನು ಒಲ್ಲೆ ಅನ್ನುತ್ತಿದೆ. ಬೊಡ್ಡೆಗಳ ಮರೆಯಲ್ಲಿ ಮಳೆಗೆ ನೆನೆಯದ ಮಣ್ಣು ಬೇಕಾದಷ್ಟಿತ್ತು. ಬಾಟಲಿ ನೀರು ಹಿಡಿದು ಹದಿನೈದು ಕಡೆ ನೋಡಿದೆ. ಹುಲ್ಲಿದ್ದ ಜಾಗದಲ್ಲಿ ಹನಿ ಬೇಗ ಇಂಗಿತು. ಹುಲ್ಲಿನ ಬೆಂಕಿ ಓಡಿಹೋಗುತ್ತದೆ, ಮಣ್ಣನ್ನು ಆಳಕ್ಕೆ ಸುಡುವುದಿಲ್ಲ. ಲಂಟಾನದ ಪೊದೆ, ಅಕೇಶಿಯದ ದರಗು ದಪ್ಪಗಿದ್ದ ಕಡೆ ಮಾತ್ರ ಹನಿ ಅಲ್ಲಾಡದೆ ಕೂತಿತು. ಒಂದು ಕಡೆ ನಲವತ್ತರವರೆಗೂ ಎಣಿಸಿದೆ. ಆ ಜಾಗಗಳೆಲ್ಲ ಕೊರಕಲಿನ ಪಕ್ಕದಲ್ಲೇ ಇದ್ದವು. ಅಂದರೆ ನೀರು ಒಟ್ಟಾಗಿ ಇಳಿಯುವ ಜಾಗವೇ ಹೆಚ್ಚು ಸುಟ್ಟಿತ್ತು.

ನಮ್ಮ ಕಡೆ ಇನ್ನೊಂದು ತೊಂದರೆಯೂ ಇದೆ. ಬೆಂಕಿ ಬೀಳುವುದು ಮಾರ್ಚ್‌ನಲ್ಲಿ. ಹುಲ್ಲು ಮತ್ತೆ ಚಿಗುರಿ ಮಣ್ಣು ಹಿಡಿಯುವುದಕ್ಕೆ ನಾಲ್ಕಾರು ಹದ ಮಳೆ ಬೇಕು. ಆದರೆ ಭರಣಿ, ಕೃತ್ತಿಕೆಯಲ್ಲಿ ನಮಗೆ ಬರುವುದು ಗುಡುಗು ಮಳೆ. ಸ್ವಲ್ಪ ಹೊತ್ತು ಬಂದರೂ ಒಮ್ಮೆಲೇ ಸುರಿಯುತ್ತದೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲಾ ಬೆಳೆ ಅನ್ನುವ ಗಾದೆ ನಿಜ. ಹೊಲ ಉತ್ತು ಕಾದವನಿಗೆ ಅದು ವರ. ಸುಟ್ಟ ಗುಡ್ಡಕ್ಕೆ ಹಾಗಲ್ಲ.

ಲೆಕ್ಕ

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಗಂಟೆಗೆ 60 ಮಿಲಿಮೀಟರ್ ತೀವ್ರತೆಯ ಮಳೆ ಅಂತ ಇಟ್ಟುಕೊಳ್ಳೋಣ. ಹಸಿರು ಗುಡ್ಡದಲ್ಲಿ ಬಿದ್ದ ನೀರಿನ ಹತ್ತರಲ್ಲಿ ಮೂರು ಪಾಲು ಹರಿದು ಬರುತ್ತದೆ ಅಂದರೆ, 12 ಹೆಕ್ಟೇರಿನಿಂದ ನಮ್ಮ ಮೋರಿಗೆ ಸೆಕೆಂಡಿಗೆ 600 ಲೀಟರ್. ಸುಟ್ಟ ಗುಡ್ಡದಲ್ಲಿ ಆರು ಪಾಲು ಬಂದರೆ 1,200 ಲೀಟರ್. ದೊಡ್ಡ ನೀರಿನ ಟ್ಯಾಂಕರ್ 5,000 ಲೀಟರಿನದು ಅಲ್ವಾ? ಅಂಥದ್ದು ನಾಲ್ಕು ಸೆಕೆಂಡಿಗೊಂದು ಬೀದಿಗೆ ಸುರಿದ ಹಾಗೆ.

ನಮ್ಮ ಎರಡು ಅಡಿ ಚರಂಡಿ ಪೂರ್ತಿ ಖಾಲಿ ಇದ್ದರೆ, ಕೆಳಗಿನ ಅರ್ಧದ ಇಳಿಜಾರಿನಲ್ಲಿ ಸೆಕೆಂಡಿಗೆ ಸುಮಾರು 800 ಲೀಟರ್ ಸಾಗಿಸುತ್ತದೆ. ಹಸಿರು ಗುಡ್ಡಕ್ಕೆ ಸಾಕು. ಅರ್ಧ ಹೂಳು ತುಂಬಿದ್ದರೆ ಅರ್ಧ ನೀರು ಹೋಗುತ್ತದೆ ಅಂದುಕೊಳ್ಳಬೇಡಿ. ಹೋಗುವುದು 340 ಲೀಟರ್ ಮಾತ್ರ. ಆಳ ಕಡಿಮೆಯಾದರೆ ವೇಗವೂ ಇಳಿಯುತ್ತದೆ. ಅಂದರೆ ಆ ಸಂಜೆ ಅರ್ಧ ಹೂಳು ತುಂಬಿದ್ದ ನಮ್ಮ ಚರಂಡಿ ಬೇಕಾದ್ದರ ಮೂರನೇ ಒಂದು ಪಾಲಿಗೂ ಸಾಲುತ್ತಿರಲಿಲ್ಲ. ಮೋರಿ ಕಟ್ಟಿಕೊಳ್ಳದೆ ಇದ್ದಿದ್ದರೂ ನೀರು ಮನೆಗೆ ಬರುತ್ತಿತ್ತು.

ಈ ಹಾಳೆಯನ್ನು ತೆಗೆದುಕೊಂಡು ಕೆಲಸ ಮಾಡಿಸಿದ ಕಚೇರಿಗೆ ಹೋದೆವು, ಬೀದಿಯ ಏಳು ಜನ. ಅಲ್ಲಿನ ಇಂಜಿನಿಯರ್ ಚಿಕ್ಕ ವಯಸ್ಸಿನ ಹುಡುಗಿ. ತಾಳ್ಮೆಯಿಂದ ಕೇಳಿದಳು. "ಸಾರ್, ನನ್ನ ಎಸ್ಟಿಮೇಟ್‌ನಲ್ಲಿ ಇರೋದು ಡಾಂಬರು ಮಾತ್ರ. ಗುಡ್ಡ ಸುಟ್ಟಿದ್ದು ನನಗೆ ಯಾರೂ ಹೇಳಲಿಲ್ಲ" ಅಂದಳು. ಅವಳ ಮಾತು ಸುಳ್ಳಲ್ಲ. ಬೆಂಕಿಯ ವಿಷಯ ಒಂದು ಇಲಾಖೆಯ ಕಡತದಲ್ಲಿತ್ತು, ಚರಂಡಿ ಇನ್ನೊಂದರಲ್ಲಿ, ರಸ್ತೆ ಮತ್ತೊಂದರಲ್ಲಿ. ಇವು ಮೂರೂ ಒಂದೇ ಮೇಜಿನ ಮೇಲೆ ಒಂದು ದಿನವೂ ಕೂತಿರಲಿಲ್ಲ.

ಮುಂಗಾರಿಗೆ ಉಳಿದ ಮೂರು ವಾರ

ಹೊಸ ಚರಂಡಿ ಮೂರು ವಾರದಲ್ಲಿ ಆಗುವ ಕೆಲಸವಲ್ಲ. ತೋಡಿ ಬಿಟ್ಟರೆ ಮಳೆಗಾಲದಲ್ಲಿ ಇನ್ನೂ ಅಪಾಯ. ಹಾಗಾಗಿ ತಾತ್ಕಾಲಿಕವಾಗಿ ಏನು ಸಾಧ್ಯವೋ ಅದನ್ನು ಮಾಡಿದೆವು.

ಮೊದಲು ಚರಂಡಿಯ ಹೂಳು. ಸ್ಲ್ಯಾಬ್ ಎತ್ತಿ ನಾಲ್ಕು ದಿನದಲ್ಲಿ ತೆಗೆಸಿದರು. ತೆಗೆದ ಹೂಳನ್ನು ಚರಂಡಿ ದಡದಲ್ಲೇ ಗುಡ್ಡೆ ಹಾಕುವುದು ನಮ್ಮೂರಿನ ಹಳೆ ಚಾಳಿ, ಮುಂದಿನ ಮಳೆಗೆ ಅದು ಮತ್ತೆ ಒಳಗೇ ಹೋಗುತ್ತದೆ. ಈ ಸಲ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಅಂದಂದೇ ಸಾಗಿಸಿದೆವು. ಮೋರಿಯ ಬಾಯಿಗಿಂತ ಹತ್ತಡಿ ಮೇಲೆ ಜೆಸಿಬಿಯಿಂದ ಒಂದು ಹೂಳು ಗುಂಡಿ ತೋಡಿಸಿದೆವು. ನೀರು ಅಲ್ಲಿ ನಿಂತು, ಮಣ್ಣು ಕೆಳಗೆ ಕೂತು, ಮೇಲಿನ ನೀರು ಮುಂದೆ ಹೋಗಲಿ ಅಂತ. ಗುಂಡಿಗೂ ಪೈಪಿಗೂ ನಡುವೆ ಓರೆಯಾಗಿ ಕಬ್ಬಿಣದ ಜಾಲರಿ. ನೇರ ನಿಲ್ಲಿಸಿದರೆ ಕಸ ಸಿಕ್ಕಿ ಜಾಲರಿಯೇ ಗೋಡೆಯಾಗುತ್ತದೆ. ಓರೆ ಇದ್ದರೆ ನೀರಿನ ಒತ್ತಡಕ್ಕೆ ಕಸ ಮೇಲಕ್ಕೆ ಜಾರುತ್ತದೆ, ಕೆಳಗಿಂದ ನೀರು ಹೋಗುತ್ತದೆ.

ಕೊರಕಲಿನೊಳಗೆ ಅರಣ್ಯದವರ ಒಪ್ಪಿಗೆ ಪಡೆದು ಆರು ಕಡೆ ಕಾಡುಕಲ್ಲಿನ ತಡೆ ಹಾಕಿದೆವು. ಸಿಮೆಂಟ್ ಇಲ್ಲ, ಬರೀ ಕಲ್ಲು. ನಡು ಭಾಗವನ್ನು ಒಂದು ಗೇಣು ತಗ್ಗಿಸಿದ್ದೆವು, ಇಲ್ಲದಿದ್ದರೆ ನೀರು ಪಕ್ಕದ ದಡ ಕೊರೆಯುತ್ತದೆ. ಇಂಥ ತಡೆ ನೀರನ್ನು ನಿಲ್ಲಿಸುವುದಿಲ್ಲ, ಅದರ ಓಟವನ್ನು ಮುರಿಯುತ್ತದೆ. ನೆರವು ಸಿಕ್ಕಿದ್ದು ನಾವು ಕೇಳದ ಕಡೆಯಿಂದ. ಕಾಫಿ ತೋಟದ ಯಜಮಾನರು ತಮ್ಮ ಆಳುಗಳನ್ನು ಕರೆದುಕೊಂಡು ಬಂದರು. ತೋಟದಲ್ಲಿ ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಯುವುದು ಅವರಿಗೆ ಗೊತ್ತಿದ್ದ ಕೆಲಸ. ತೊಟ್ಟಿಲಿನ ಆಕಾರದ ಉದ್ದ ಗುಂಡಿ, ಇಳಿಜಾರಿಗೆ ಅಡ್ಡಲಾಗಿ. ಮಳೆ ನೀರು, ದರಗು ಎಲ್ಲ ಅದರಲ್ಲಿ ನಿಲ್ಲುತ್ತದೆ. ತಮ್ಮ ತೋಟದ ಮೇಲಂಚಿನಲ್ಲಿ ಸಾಲಾಗಿ ತೆಗೆಸಿದರು. "ನಿಮ್ಮ ಬೀದಿಗೆ ಹೋಗೋ ಮಣ್ಣು ನನ್ನದೂ ಹೌದಲ್ವೇನ್ರೀ" ಅಂದರು. ಕಾಸು ಕೇಳಲಿಲ್ಲ.

ಕೆಳಗಿನ ಒಂಬತ್ತು ಮನೆಗಳ ಮುಂದೆ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ಎರಡು ಸಾಲು ಪೇರಿಸಿದೆವು. ಚೀಲದ ಬಾಯಿ ನೀರು ಬರುವ ಕಡೆಗೆ ಇರಬಾರದು. ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ ಇಡಬೇಕು, ಒಂದೊಂದನ್ನೂ ತುಳಿದು ಕೂರಿಸಬೇಕು. ಸುಮ್ನೆ ಸಾಲಾಗಿ ಇಟ್ಟರೆ ನೀರು ನಡುವೆ ನುಗ್ಗುತ್ತದೆ.

ಆ ಮಳೆಗಾಲ ದಾಟಿತು. ಹೂಳು ಗುಂಡಿಯನ್ನು ನಾಲ್ಕು ಸಲ ಖಾಲಿ ಮಾಡಿಸಿದೆವು. ಮನೆಗಳಿಗೆ ನೀರು ಬರಲಿಲ್ಲ. ರಸ್ತೆ ಮಾತ್ರ ಸೋತಿತು. ಅಂಚಿನಡಿ ನೀರು ಹೊಕ್ಕು ಜಲ್ಲಿ ಸಡಿಲಾಯಿತು. ನೀರು ನಿಂತ ಕಡೆ ಡಾಂಬರು ಕಲ್ಲನ್ನು ಬಿಟ್ಟುಬಿಡುತ್ತದೆ. ಅಕ್ಟೋಬರ್ ಹೊತ್ತಿಗೆ ಕೆಳಗಿನ ಅರ್ಧದಲ್ಲಿ ಉದ್ದಕ್ಕೂ ಅಂಚು ಕಿತ್ತುಬಂದಿತ್ತು. ಆರು ತಿಂಗಳೂ ಆಗದ ರಸ್ತೆ ಅದು.

ದೂರದ ಇನ್ನೊಂದು ಊರು

ಆ ಮಳೆಗಾಲದ ನಂತರ ನಮ್ಮಲ್ಲಿ ಕೆಲವರು ಇನ್ನು ಅಪಾಯ ಮುಗಿಯಿತು ಅಂದರು. ಹುಲ್ಲು ಚಿಗುರಿದೆ, ಗುಡ್ಡ ಹಸಿರಾಗಿದೆ, ಮತ್ತೆ ದುಡ್ಡು ಯಾಕೆ ಅಂತ. ಆಗ ನಾನು ಅವರಿಗೆ ಫ್ಲ್ಯಾಗ್‌ಸ್ಟಾಫ್ ವಿಷಯ ಹೇಳಿದೆ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಸುಮಾರು 2,100 ಮೀಟರ್ ಎತ್ತರದಲ್ಲಿರುವ ಊರು ಅದು. ಅಲ್ಲಿಯೂ ಬೇಸಗೆಯ ಮಳೆಯನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. 2010ರ ಜೂನ್‌ನಲ್ಲಿ ಅದರ ಹತ್ತಿರ ಶುಲ್ಟ್ಜ್ ಬೆಂಕಿ 15,000 ಎಕರೆ ಕಾಡು ಸುಟ್ಟಿತು. ಜುಲೈನಲ್ಲೇ ಪ್ರವಾಹ ಬಂತು, ಹನ್ನೆರಡು ವರ್ಷದ ಒಬ್ಬಳು ಹುಡುಗಿ ತೀರಿಕೊಂಡಳು. 2019ರ ಜುಲೈನಲ್ಲಿ ಮ್ಯೂಸಿಯಂ ಬೆಂಕಿ ಅನ್ನುವುದು ಸುಮಾರು 2,000 ಎಕರೆ ಸುಟ್ಟಿತು. ಆ ಸಲ ಎರಡು ವರ್ಷ ಮಳೆ ಕೈಕೊಟ್ಟಿತು, ಏನೂ ಆಗಲಿಲ್ಲ. 2021ರಲ್ಲಿ ಮಳೆ ಬಂತು. ಸನ್ನಿಸೈಡ್ ಬಡಾವಣೆಯ ಬೀದಿಗಳಲ್ಲಿ ಕರಿ ನೀರು ಕಾರನ್ನೇ ತೇಲಿಸಿಕೊಂಡು ಹೋಯಿತು. ಆಮೇಲೆ ಅವರು ಕಾಡಿನೊಳಗೇ ಹಳ್ಳವನ್ನು ಅಗಲಕ್ಕೆ ಹರಡಿಸಿ ಹೂಳು ಅಲ್ಲೇ ಕೂರುವ ಹಾಗೆ ಮಾಡಿದರು. ಊರೊಳಗಿನ ಹಳ್ಳ, ಮೋರಿಗಳ ಕೆಲಸಕ್ಕೂ ಇಳಿದರು.

ಅವರದು ಪೈನ್ ಕಾಡು, ನಮ್ಮದು ಹುಲ್ಲುಗುಡ್ಡ. ಅವರ ಮಣ್ಣು ಸುಧಾರಿಸಿಕೊಳ್ಳಲು ವರ್ಷಗಟ್ಟಲೆ ಬೇಕು, ನಮ್ಮ ಹುಲ್ಲು ಒಂದು ಮುಂಗಾರಿಗೆ ಚಿಗುರುತ್ತದೆ. ಈ ವ್ಯತ್ಯಾಸ ಮುಚ್ಚಿಟ್ಟು ಜನರನ್ನು ಹೆದರಿಸುವುದು ನನಗೆ ಬೇಕಿರಲಿಲ್ಲ. ಆದರೆ ಕೊರಕಲಿನ ಪಕ್ಕದ ಲಂಟಾನದ ಜಾಗ ಇನ್ನೂ ಬೋಳಾಗಿಯೇ ಇತ್ತು. ಅದನ್ನು ಕೈ ಹಿಡಿದು ತೋರಿಸಿದೆ. ಒಪ್ಪಿದರು.

ಎರಡನೇ ಸಲ

ನವೆಂಬರ್‌ನಲ್ಲಿ ಹೊಸ ಎಸ್ಟಿಮೇಟ್ ಆಯಿತು. ಈ ಸಲ ಚರಂಡಿ, ಮೋರಿ, ರಸ್ತೆ ಮೂರೂ ಒಂದೇ ಕಡತದಲ್ಲಿ. ಅದಕ್ಕೆ ಆ ಇಂಜಿನಿಯರ್ ಹುಡುಗಿ ಪಟ್ಟ ಪಾಡು ನಾನು ನೋಡಿದ್ದೇನೆ. ಹ್ಯೂಮ್ ಪೈಪ್ ತೆಗೆದು ಬಾಕ್ಸ್ ಮೋರಿ ಕಟ್ಟಿದರು, ಮನುಷ್ಯ ಬಗ್ಗಿ ಒಳಗೆ ಹೋಗಿ ಹೂಳು ತೆಗೆಯುವಷ್ಟು ಎತ್ತರ. ಚರಂಡಿ ಮೂರು ಅಡಿ ಅಗಲ, ಮೂರು ಅಡಿ ಆಳ. ಖಾಲಿ ಇದ್ದರೆ ಸೆಕೆಂಡಿಗೆ 2,400 ಲೀಟರ್. ಇಷ್ಟು ದೊಡ್ಡದು ಯಾಕೆ ಅಂತ ಕೇಳಿದರು. ಮೂರನೇ ಒಂದು ಭಾಗ ಹೂಳು ತುಂಬಿದರೂ 1,450 ಲೀಟರ್ ಹೋಗುತ್ತದೆ, ಸುಟ್ಟ ಗುಡ್ಡದ ನೀರಿಗೆ ಆಗಲೂ ಸಾಕಾಗುತ್ತದೆ. ಗುಡ್ಡದ ಬುಡದಲ್ಲಿ ಚರಂಡಿಗೆ ಅಳತೆ ಹಾಕುವಾಗ ಬರೀ ನೀರಿಗೆ ಹಾಕಬಾರದು, ಹೂಳಿಗೂ ಜಾಗ ಬಿಡಬೇಕು.

ನಲ್ಲಿ ಪೈಪುಗಳನ್ನು ರಸ್ತೆಯಡಿಯಿಂದ ಅಂಚಿಗೆ ಸರಿಸಿದರು. ಡಾಂಬರು ಹಾಕಿದ ಮೇಲೆ ಪೈಪಿಗೆ ಅಗೆಯುವುದನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ. ಈ ಸಲ ಅದು ಆಗಲಿಲ್ಲ.

ಫೆಬ್ರವರಿಯಲ್ಲಿ ರಸ್ತೆ. ಹಳೆ ಡಾಂಬರನ್ನು ಯಂತ್ರದಿಂದ ಕೆರೆದು ತೆಗೆದರು. ಮೂರು ಸಲ ಹಾಕಿದ ಪದರಗಳು ಅಂಚಿನಲ್ಲಿ ಒಂದರ ಮೇಲೊಂದು ಕಾಣುತ್ತಿದ್ದವು. ಕೆಳಗಿನ ಅರ್ಧದಲ್ಲಿ ನಡು ಉಬ್ಬಿಸುವ ಬದಲು ಇಡೀ ರಸ್ತೆಯನ್ನು ಚರಂಡಿಯ ಕಡೆಗೆ ವಾಲಿಸಿದರು, ಹತ್ತು ಅಡಿಗೆ ಮೂರು ಇಂಚಿನಂತೆ. ಆ ಒಂಬತ್ತು ಮನೆಗಳು ಚರಂಡಿಯ ಎದುರು ಬದಿಗಿವೆ. ಮಳೆ ನೀರು ಈಗ ಅವುಗಳಿಗೆ ಬೆನ್ನು ಹಾಕಿ ಹರಿಯುತ್ತದೆ. ಕೆಲಸ ಮುಗಿದ ದಿನ ಟೇಪು ಹಿಡಿದು ಅಜ್ಜಿಯ ಹೊಸ್ತಿಲು ಅಳೆದೆ. ರಸ್ತೆಗಿಂತ ಎಂಟೂವರೆ ಇಂಚು ಮೇಲೆ. ಅಜ್ಜಿ ತಾವೂ ಒಮ್ಮೆ ಗೇಣು ಹಾಕಿ ನೋಡಿದರು.

ಮುಂದಿನ ಮುಂಗಾರಿನಲ್ಲಿ ಆರಿದ್ರಾ ಮಳೆ ಜೋರಾಗಿಯೇ ಹಿಡಿಯಿತು. ಛತ್ರಿ ಹಿಡಿದು ಮೂರು ಸಲ ಮೋರಿಯವರೆಗೂ ಹೋಗಿ ಬಂದೆ. ಚರಂಡಿ ಅರ್ಧಕ್ಕಿಂತ ಮೇಲೆ ಏರಲಿಲ್ಲ.

ಸರಿಯಾಗದೆ ಉಳಿದದ್ದೂ ಇದೆ. ನಮ್ಮ ಬೀದಿಯಿಂದ ಬೇಗ ಹೋದ ನೀರು ಕೆಳಗಿನ ಕೆರೆಗೆ ಬೇಗ ಸೇರುತ್ತದೆ. ಅದರ ಜೊತೆ ಹೂಳೂ ಹೋಗುತ್ತದೆ. ಕೆರೆಯ ಬಾಯಿಯಲ್ಲಿ ಮಣ್ಣಿನ ನಾಲಿಗೆ ಬೆಳೆಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ಆ ಕೆರೆಯ ಪಕ್ಕದ ಬೀದಿಯವರು ನಮ್ಮನ್ನು ಪ್ರಶ್ನೆ ಮಾಡಿದರೆ ಅದರಲ್ಲಿ ನ್ಯಾಯ ಇದೆ. ಹೂಳು ಗುಂಡಿ ಖಾಲಿ ಮಾಡುವ ಖರ್ಚು ಇನ್ನೂ ಯಾವ ಕಡತದಲ್ಲೂ ಇಲ್ಲ. ಎರಡು ವರ್ಷದಿಂದ ಮನೆಗೆ ಇಷ್ಟು ಅಂತ ನಾವೇ ಎತ್ತುತ್ತಿದ್ದೇವೆ.

ಈ ಮಾರ್ಚ್‌ನಲ್ಲಿ ಗುಡ್ಡದ ಆ ಮಗ್ಗುಲಲ್ಲಿ ಮತ್ತೆ ಹೊಗೆ ಕಂಡಿತು. ಹುಡುಗರು ಸೊಪ್ಪಿನ ಕೊಂಬೆ ಹಿಡಿದು ಓಡಿದರು. ಎರಡು ಎಕರೆಯಲ್ಲೇ ಆರಿಸಿದರು. ಮಾರನೇ ದಿನ ನಾನು ಬಾಟಲಿ ನೀರು ಹಿಡಿದು ಹತ್ತಿದೆ. ಇಬ್ಬರು ಹುಡುಗರು ಜೊತೆಗೆ ಬಂದು ತಾವೇ ಹನಿ ಬಿಟ್ಟು ಎಣಿಸಿದರು. ಭರಣಿಗೆ ಇನ್ನು ಹನ್ನೆರಡು ದಿನ ಇದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಹೂಳು ಗುಂಡಿಗೆ ಜೆಸಿಬಿ ಬರುತ್ತದೆ.